ಅಂಗೈ ಅಳತೆ

ಮದ್ದೂರಿನಲ್ಲಿ ಬಸ್ಸು ಹತ್ತಿದ ಅಜ್ಜಿ-ಮೊಮ್ಮಗಳು ಇಬ್ಬರೂ, ಮೊದಲೇ ಬಸ್ಸಿನಲ್ಲಿದ್ದ ನಾಗಮಣಿಯ ಮುಂದಿನ ಸೀಟಿನಲ್ಲಿ ಕೂತರು. ಮೊಮ್ಮಗಳು ತೊಡೆಯ ಮೇಲಿನ ಡಬ್ಬಿಯ ಮುಚ್ಚಳವನ್ನು ಗಳಿಗೆಗೊಮ್ಮೆ ತೆಗೆದು ನೋಡುತ್ತಿದ್ದಳು. ತೂಕಡಿಸಬೇಕೆಂದಿದ್ದ ನಾಗಮಣಿಯ ಕಿವಿ ನೆಟ್ಟಗಾಯಿತು.

"ಸುಮ್ಕಿರು ಗಗನ. ಅದೇನು ಓಡೋಯ್ತದಾ?"

"ಪದರ ಮೆತ್ತಗಾದ್ರೆ ಅಡುಗೆ ಸ್ಪರ್ಧೇಲಿ ಸೋತಂಗೇ ಕಣಜ್ಜಿ. ಸಿಂಗಾಪುರದ ಚೀನೀ ಅಜ್ಜಿ ಯೂಟ್ಯೂಬಲ್ಲಿ ಕಲಿಸಿದ ಗೆಡ್ಡೆ ಸಿಹಿ ಇದು, ತಿಯೋಚ್ಯೂ ಅನ್ನೋ ಚೀನೀ ಜನರದ್ದು. ಫ್ರೆಂಚರ ಬೆಣ್ಣೆ ಪದರದೊಳಗೆ ತುಂಬಿವ್ನಿ."

"ನಿನ್ ಕೆಸವಿನ ಗೆಡ್ಡೆ ಕಡೀತಿತ್ತು. ಬೆಳಿಗ್ಗೆ ನೀನು ನೀರು ಉಯ್ಕೊಳಕ್ಕೆ ಓದಾಗ ಅರೆದಿಟ್ಟಿದ್ದ ಗೆಡ್ಡೆಗೆ ಉಣಸೆ ಉಳಿ ಆಕಿ ಕೈಯಲ್ಲೇ ಕಲಸ್ದೆ."

"ಅಯ್ಯೋ, ಗೆಡ್ಡೆಗೆ ಬೆರೆಸಿದ ಕೆನೆ ಉಳಿಗೆ ಒಡ್ದೋಯ್ತದೆ! ಕೆಡಿಸ್ಬುಟ್ಟಲ್ಲಜ್ಜಿ!"

"ತೀರ್ಪು ಯೋಳೋರ ನಾಲಿಗೆ ಕಡಿದ್ರೆ ಬಹುಮಾನ ಯಾರು ಕೊಟ್ಟಾರು? ತಿಂದ್ ನೋಡು."

ಗಗನ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಬಸ್ಸು ಗೆಜ್ಜಲಗೆರೆ ದಾಟುವಾಗ ಇನ್ನೊಂದು ಚೂರು ತಿಂದು, ಚೀಲದಿಂದ ಸ್ಪರ್ಧೆಯ ಅರ್ಜಿ, ಪೆನ್ನು ತೆಗೆದಳು.

"ಎಷ್ಟು ಗ್ರಾಂ ಆಕ್ದೆ?"

"ಗ್ರಾಮು ಗೀಮು ಯಾವಳ್ಗೆ ಗೊತ್ತು? ಅಂಗೈ ಕಡಿಯೋದು ನಿಲ್ಲೋಗಂಟ ಆಕ್ದೆ."

"ಅರ್ಜೀಲಿ ಏನಂತ ಬರೀಲಿ?"

"ಅಂಗೇ ಬರಿ."

ನಾಗಮಣಿ ಕತ್ತು ಚಾಚಿ ನೋಡಿದಳು. ಅರ್ಜಿಯಲ್ಲಿ ಗ್ರಾಂ ಎಂದಿದ್ದ ಕಡೆ ಗೀಟು ಎಳೆದು ಹುಡುಗಿ ಅಜ್ಜಿ ಹೇಳಿದ ಹಾಗೆಯೇ ಬರೆದಿದ್ದಳು. ಮಂಡ್ಯದಲ್ಲಿ ಅವರಿಬ್ಬರೂ ಇಳಿದುಹೋದರು. ನಾಗಮಣಿ ಮಾತ್ರ ಮುಂದಿನ ಸ್ಟಾಪಿನವರೆಗೂ ತನ್ನ ಅಂಗೈ ಕೆರೆದುಕೊಳ್ಳುತ್ತಲೇ ಇದ್ದಳು.