ಕಟ್ಲರ್ ತಗ್ಗಿನ ಕರೆ

ಈಸ್ಟರಿಗೆ ಮುಂಚಿನ, ಮಾಂಸ ಮುಟ್ಟದ ಉಪವಾಸದ ಶುಕ್ರವಾರಗಳಲ್ಲಿ ಹ್ಯಾಸ್ಲೆಟ್ ಕೌಂಟಿಯ ಅಗ್ನಿಶಾಮಕ ಠಾಣೆಯಲ್ಲಿ ಮಧ್ಯಾಹ್ನ ಎರಡಕ್ಕೆ ಮೀನೂಟ ಇರುತ್ತದೆ. ಊರಿನವರೇ ಬೆಂಕಿ ಆರಿಸುವವರು, ಊರಿನವರೇ ಮೀನು ಕರಿಯುವವರು. ಆ ಶುಕ್ರವಾರ ಜನ ಇನ್ನೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವಾಗಲೇ ಸುಂಟರಗಾಳಿಯ ಸೈರನ್ ಕೂಗಿಕೊಂಡಿತು. ಎಲ್ಲರೂ ತಟ್ಟೆ ಸಮೇತ ನೆಲಮಾಳಿಗೆಗೆ ಇಳಿದರು. ಮೇಲೆ ಮಳೆ ಬಾನು ಹರಿದಂತೆ ಸುರಿಯುತ್ತಿತ್ತು. ಕರೆಂಟು ಹೋಯಿತು. ಒಂದು ಲಾಟೀನಿನ ಸುತ್ತ ಇಪ್ಪತ್ತು ಮಂದಿ ಮಡಚುವ ಕುರ್ಚಿಗಳಲ್ಲಿ ಕುಳಿತರು.

ಡಾರ್ಲಾ ಪ್ರುಯಿಟ್ ಮಾತ್ರ ಮೆಟ್ಟಿಲ ಬುಡದಲ್ಲಿ ಬೇರೆಯಾಗಿ ಕುಳಿತಳು. ಅವಳು ಊಟಕ್ಕೆ ಬಂದವಳಲ್ಲ, ದಾರಿಯಲ್ಲಿ ಹೋಗುತ್ತಿದ್ದಾಗ ಸೈರನ್ ಕೇಳಿ ಒಳಗೆ ನುಗ್ಗಿದವಳು. ಹನ್ನೊಂದು ವರ್ಷದಿಂದ ಅವಳು ಈ ಠಾಣೆಯ ಹೊಸ್ತಿಲು ತುಳಿದಿರಲಿಲ್ಲ. ಪ್ರುಯಿಟ್ ಮನೆಯವರನ್ನು ಯಾರೂ ಕರೆಯುತ್ತಲೂ ಇರಲಿಲ್ಲ.

ಊರಿಗೆ ಹೊಸದಾಗಿ ಬಂದಿದ್ದ ಪಾದ್ರಿಯ ಹೆಂಡತಿ ಎಲೋಯಿಸ್‌ಗೆ ಇದೊಂದೂ ಗೊತ್ತಿರಲಿಲ್ಲ. "ಅಲ್ಲಾ, ಇಷ್ಟು ಜನ ಇದೀರಿ, ಯಾರ ಹತ್ರಾನೂ ಒಂದು ಸ್ಕ್ಯಾನರ್ ಇಲ್ವಾ? ನಮ್ಮ ಕಡೆ ಎಲ್ಲರ ಅಡುಗೆಮನೇಲೂ ಇರುತ್ತೆ. ಪೊಲೀಸರು, ಫೈರಿನವರು ಏನು ಮಾತಾಡ್ಕೋತಾರೆ ಅಂತ ಕೂತಲ್ಲೇ ಗೊತ್ತಾಗುತ್ತೆ" ಎಂದಳು.

ಠಾಣೆಯ ಮುಖ್ಯಸ್ಥ ರಸ್ ಮೆಟ್ಟಿಲ ಕಡೆ ನೋಡದೆಯೇ ಹೇಳಿದ: "ಇತ್ತು ಕಣಮ್ಮ, ಪ್ರುಯಿಟ್ ಮನೇಲಿ ಇತ್ತು. ಬಹಳ ಚೆನ್ನಾಗಿ ಕೇಳ್ತಿತ್ತು. ಕೇಳ್ತಾ ಕೂತೇ ಇರ್ತಿದ್ದ ಪುಣ್ಯಾತ್ಮ."

ಯಾರೋ ಮೂಗಿನಲ್ಲೇ ನಕ್ಕರು. ಡಾರ್ಲಾ ತಲೆ ತಗ್ಗಿಸಿದಳು. ಅವಳಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅಪ್ಪನ ವಿಷಯದಲ್ಲಿ ಅವಳೂ ಊರಿನ ಮಾತನ್ನೇ ನಂಬಿದ್ದಳು.

ಆಗ ಲಾಟೀನಿನ ಪಕ್ಕದಿಂದ ವೆಂಡೆಲ್ ಸ್ಟ್ರೋಮ್ ಕೆಮ್ಮಿದ. ಎಪ್ಪತ್ತೆಂಟು ದಾಟಿದ ಮುದುಕ. ಕೌಂಟಿಯ ತುರ್ತು ಕರೆಗಳ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು, ಕೊನೆಗೆ ಅದರ ಯಜಮಾನನಾಗಿ ನಿವೃತ್ತನಾದವನು. ಮಳೆಗಾಲದಲ್ಲಿ ದೆವ್ವದ ಕತೆ ಹೇಳುವುದರಲ್ಲಿ ಅವನಿಗೆ ಹೆಸರಿತ್ತು. ಕಟ್ಲರ್ ತಗ್ಗಿನ ಕತೆಯನ್ನು ಅವನ ಬಾಯಲ್ಲಿ ಎಲ್ಲರೂ ಹತ್ತಾರು ಸಲ ಕೇಳಿದ್ದರು.

"ರಸ್, ನಿನ್ನ ಬಾಯಿಗೆ ಸ್ವಲ್ಪ ಮೀನು ತುರುಕ್ಕೋ" ಎಂದ ವೆಂಡೆಲ್. "ಡಾರ್ಲಾ, ಇಲ್ಲಿ ಬಾರಮ್ಮ, ಬೆಳಕಿಗೆ ಬಾ. ಬರಲ್ವಾ? ಆಯ್ತು, ಅಲ್ಲಿಂದಲೇ ಕೇಳು. ಇವತ್ತು ನಿಂಗೋಸ್ಕರಾನೇ ಹೇಳ್ತೀನಿ."

ಆಮೇಲೆ ಅವನು ಎಲೋಯಿಸ್ ಕಡೆ ತಿರುಗಿದ.

"ನೋಡಮ್ಮ, ಹಿಂದೆ ಒಂದೊಂದು ಠಾಣೆಗೆ ಒಂದೊಂದು ಚಾನೆಲ್ ಅಂತ ಇತ್ತು, ಯಾವ ಡಬ್ಬಾ ರೇಡಿಯೋ ಇಟ್ಕೊಂಡ್ರೂ ಕೇಳ್ತಿತ್ತು. ಆಮೇಲೆ ಹೊಸ ವ್ಯವಸ್ಥೆ ಬಂತು. ಗುಡ್ಡದ ಮೇಲೆ ಟವರು, ಟವರಿಗೊಂದು ಕಂಪ್ಯೂಟರು. ನೀನು ಬಟನ್ ಒತ್ತಿದ ಕೂಡ್ಲೆ ಅದು ಖಾಲಿ ಇರೋ ಚಾನೆಲ್ ಹುಡುಕಿ ನಿನ್ನ ಮಾತನ್ನ ಅದರ ಮೇಲೆ ಹತ್ತಿಸುತ್ತೆ, ಮುಂದಿನ ಮಾತಿಗೆ ಇನ್ನೊಂದು ಚಾನೆಲ್ಲು. ಹಳೇ ರೇಡಿಯೋದಲ್ಲಿ ಕೇಳೋಕೆ ಹೋದ್ರೆ ಬರೀ ಚೂರುಪಾರು. ಅದರ ಬೆನ್ನು ಹತ್ತಿ ಓಡೋ ಸ್ಕ್ಯಾನರ್ರೇ ಬೇಕು. ಇಡೀ ಊರಲ್ಲಿ ಅದನ್ನ ತರಿಸಿದವನು ಒಬ್ಬನೇ, ಲೊವೆಲ್ ಪ್ರುಯಿಟ್. ಇವಳ ಅಪ್ಪ. ಸ್ಕೂಲ್ ಬಸ್ ಓಡಿಸ್ತಿದ್ದೋನು, ರಿಟೈರಾದ ಮೇಲೆ ಅದೇ ಅವನ ಕೆಲಸ, ಅದೇ ಅವನ ಚಟ. ಯಾರು ಮಾತಾಡಿದ್ರೂ ಆ ರೇಡಿಯೋದ ನಂಬರು ಅವನ ಪರದೆ ಮೇಲೆ ಬೀಳ್ತಿತ್ತು. ಯಾವ ನಂಬರು ಯಾರ ಸೊಂಟದಲ್ಲಿದೆ ಅಂತ ಒಂದೊಂದೇ ಪತ್ತೆ ಹಚ್ಚಿ ಪುಸ್ತಕದಲ್ಲಿ ಬರೆದಿಟ್ಟಿದ್ದ.

"ನಾವೆಲ್ಲ 'ಕಿವಿ ಲೊವೆಲ್' ಅಂತ ಗೇಲಿ ಮಾಡ್ತಿದ್ವಿ. ಆದ್ರೆ ಸೈರನ್ ಆಗಿ ಗಂಡ ಬೆಂಕಿ ಆರಿಸೋಕೆ ಓಡಿದ್ರೆ ಈ ಊರಿನ ಹೆಂಗಸರು ಯಾರಿಗೆ ಫೋನ್ ಮಾಡ್ತಿದ್ರು? ನಮಗಾ? ಲೊವೆಲ್‌ಗೆ! 'ಈಗಷ್ಟೇ ಮಾತಾಡಿದ ಕಣಮ್ಮ, ಚೆನ್ನಾಗಿದಾನೆ, ನೀನು ಅಡುಗೆ ಮಾಡು' ಅಂತಿದ್ದ. ರಸ್, ನಿನ್ನ ಹೆಂಡ್ತೀನೂ ಮಾಡ್ತಿದ್ಲು. ಕೇಳು ಹೋಗಿ."

ರಸ್ ತಟ್ಟೆ ನೋಡಿಕೊಂಡ.

"ನಮಗೂ ಫೋನ್ ಮಾಡ್ತಿದ್ದ ಅನ್ನು. 'ವೆಂಡೆಲ್, ಹನ್ನೆರಡು-ಮೂರು ನಂಬರಿನೋನು ಎರಡು ಸಲ ಕರೆದ, ನಿಮ್ಮೋರು ಉತ್ತರ ಕೊಡ್ಲಿಲ್ಲ.' 'ವೆಂಡೆಲ್, ವಿಳಾಸ ತಪ್ಪು ಹೇಳಿದ್ರಿ.' ಹತ್ತರಲ್ಲಿ ಒಂಬತ್ತು ಸಲ ನಾವು ಸರಿಯಾಗೇ ಮಾಡಿರ್ತಿದ್ವಿ. ಉಳಿದ ಒಂದು ಸಲ ಅವನೇ ಸರಿ... ಅದೇ ನೋಡು ನಂಗೆ ಉರೀತಿದ್ದದ್ದು. ಒಂದಿನ ಹೋಟ್ಲಲ್ಲಿ, ಎಲ್ಲರ ಎದುರಿಗೆ, ಅವನ ಕೈಲಿ ಕಾಫಿ ಇದ್ದಾಗಲೇ ಹೇಳ್ದೆ: 'ಲೊವೆಲ್, ನಿಂಗೆ ಕೇಳಿಸಿದ್ದು ನಮಗೆ ಮೊದಲೇ ಕೇಳಿಸಿರುತ್ತೆ. ಇನ್ನೊಂದು ಸಲ ತುರ್ತು ನಂಬರಿಗೆ ಫೋನ್ ಮಾಡಿದ್ರೆ ಪೊಲೀಸರನ್ನ ಕಳಿಸಿ ಆ ಪೆಟ್ಟಿಗೇನ ಎತ್ತಿಸ್ತೀನಿ.' ಹೋಟ್ಲು ಹೋಟ್ಲೇ ನಕ್ಕಿತು. ಅವನೂ ನಗೋಕೆ ನೋಡ್ದ, ಪಾಪ.

"ಅದಾಗಿ ಮೂರು ವಾರಕ್ಕೆ ಹೊಳೆ ಏರಿತು..."

ಮೇಲೆ ಗಾಳಿ ಬಾಗಿಲನ್ನು ಒದೆಯುತ್ತಿತ್ತು. ಡಾರ್ಲಾಗೆ ಮುಂದಿನದೆಲ್ಲ ಬಾಯಿಪಾಠ. ಎದ್ದು ಹೋಗಬೇಕೆನಿಸಿತು, ಆದರೆ ಈ ಗಾಳಿಯಲ್ಲಿ ಹೋಗುವುದೆಲ್ಲಿಗೆ?

"ಮಾರ್ನೀ ಯೋಸ್ಟ್ ಅಂತ ಒಬ್ಬ ಹುಡುಗಿ ಇದ್ಲು, ಇದೇ ಠಾಣೆಯೋಳು. ಇಪ್ಪತ್ತಾರು ವಯಸ್ಸು. ರೇಡಿಯೋದಲ್ಲಿ ಅವಳ ಹೆಸರು ಹದಿನಾಲ್ಕು-ಆರು. ಕಟ್ಲರ್ ತಗ್ಗಿನಲ್ಲಿ ನೀರಿಗೆ ಸಿಕ್ಕಿ ನಿಂತ ಕಾರೊಂದನ್ನ ನೋಡೋಕೆ ಒಬ್ಬಳೇ ಇಳಿದ್ಲು. ಜೊತೆಗಿದ್ದೋನು ಗುಡ್ಡದ ಆಚೆ ರಸ್ತೆ ಅಡ್ಡಗಟ್ಟೋಕೆ ಹೋಗಿದ್ದ. ಕಾರು ಖಾಲಿ, ಆದ್ರೆ ನೀರು ಇವಳನ್ನ ಎತ್ಕೊಂಡು ಹೋಯ್ತು. ಒಂದು ಮರಕ್ಕೆ ತಗಲಿಕೊಂಡ್ಲು. ಬಟನ್ ಒತ್ತಿದ್ಲು. ಆ ತಗ್ಗಿಗೆ ಟವರು ಸಿಗಲ್ಲಮ್ಮ. ರೇಡಿಯೋ 'ಆಗಲ್ಲ' ಅಂತ ಒಂದು ಗೊರಗೊರ ಸದ್ದು ಮಾಡುತ್ತೆ, ಅಷ್ಟೇ. ಅಂಥಾ ಜಾಗದಲ್ಲಿ ಟವರು ಬಿಟ್ಟು ರೇಡಿಯೋದಿಂದ ರೇಡಿಯೋಗೆ ನೇರ ಮಾತಾಡೋ ಚಾನೆಲ್ಲಿಗೆ ತಿರುಗಿಸಿ ಅಂತ ನಾವೇ ಕಲಿಸಿದ್ವಿ. ಹುಡುಗಿ ಕಲಿಸಿದ ಹಾಗೇ ಮಾಡಿದ್ಲು. ಆದ್ರೆ ನೇರ ಚಾನೆಲ್ಲು ಹತ್ತಿರ ಇದ್ದೋರಿಗೆ ಮಾತ್ರ ಕೇಳುತ್ತೆ. ಹತ್ತಿರ ಯಾರಿದ್ರು? ಕಂಟ್ರೋಲ್ ರೂಮು ಹದಿನೈದು ಮೈಲಿ. ನಾವು ಆವತ್ತು ಮೂವತ್ತು ಕಡೆ ಮಾತಾಡ್ತಾ ಒಬ್ಬ ಹುಡುಗಿ ಸುಮ್ಮನಾಗಿದ್ದಾಳೆ ಅನ್ನೋದನ್ನೇ ಗಮನಿಸ್ಲಿಲ್ಲ. ಆ ತಗ್ಗಿನ ನೆತ್ತಿ ಮೇಲೆ ಒಂದೇ ಒಂದು ಮನೆ... ಲೊವೆಲ್ದು.

"ಅವನಿಗೆ ಕೇಳಿಸ್ತು. ಹನ್ನೆರಡೂ ಐವತ್ತಕ್ಕೆ ಮೊದಲನೇ ಕರೆ. 'ಹದಿನಾಲ್ಕು-ಆರು, ನೀರಿನಲ್ಲಿದೀನಿ, ಮರ ಹಿಡ್ಕೊಂಡಿದೀನಿ, ಯಾರಾದ್ರೂ ಇದೀರಾ?' ಸ್ಕ್ಯಾನರಿಗೆ ಕಿವಿ ಇದೆ, ಬಾಯಿಲ್ಲ. 'ಇದೀನಿ' ಅಂತ ಒಂದು ಮಾತು ಅವಳಿಗೆ ಹೇಳೋ ಹಾಗಿಲ್ಲ. ಇಳಿದು ಹೋಗೋಣ ಅಂದ್ರೆ ಎಪ್ಪತ್ತು ವರ್ಷದ ಮಂಡಿ. ಫೋನ್ ಎತ್ತಿದ, ಇಟ್ಟ. ನಿಂಗೆ ಕೇಳಿಸಿದ್ದು ನಮಗೂ ಕೇಳಿಸಿರುತ್ತೆ ಅಂದಿದ್ದೆನಲ್ಲ ನಾನು? ಹೊರಟಿರ್ತಾರೆ, ಬರ್ತಿರ್ತಾರೆ ಅಂತ ಕಿಟಕೀಲಿ ನೋಡ್ತಾ ನಿಂತ. ಒಂದೊಂದು ಕರೇನೂ ಗಂಟೆ ನಿಮಿಷ ಸಮೇತ ಪುಸ್ತಕದಲ್ಲಿ ಬರೆದ. ನಲವತ್ತು ನಿಮಿಷ!

"ಆ ಪುಸ್ತಕ ತಾನಾಗೇ ತಂದು ಕೊಟ್ಟೋನು ಅವನೇ. ಬಚ್ಚಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಊರು ಓದ್ತು. ಹುಡುಗಿ ಸಾಯೋದನ್ನ ಕೇಳ್ತಾ ಬರ್ಕೊಂಡು ಕೂತಿದ್ದ ಅಂದ್ರು. ಅವನ ಆಂಟೆನಾ ತಂತಿ ಕತ್ತರಿಸಿದ್ರು. ಹೋಟ್ಲಲ್ಲಿ ಅವನು ಕೂತ್ರೆ ಪಕ್ಕದೋರು ಎದ್ದು ಹೋಗ್ತಿದ್ರು. ನಾನು ಇಷ್ಟು ವರ್ಷ ಹೇಳಿದ ಕತೆ ಇಲ್ಲಿಗೇ ಮುಗೀತಿತ್ತು, ಅಲ್ವಾ? ಆಮೇಲೆ ತಗ್ಗಿನಲ್ಲಿ ಹುಡುಗಿಯ ದನಿ ಕೇಳುತ್ತೆ ಅಂತ ಒಂದಿಷ್ಟು ಹೆದರಿಸಿ, ಕಾಫಿ ಕುಡಿದು, ಮನೆಗೆ..."

"ಮುಗೀತಲ್ಲ, ಬಿಡಿ" ಎಂದಳು ಡಾರ್ಲಾ.

"ಮುಗೀಲಿಲ್ಲ ತಾಯಿ. ಪುಸ್ತಕದಲ್ಲಿ ಒಂದೂವರೆಗೆ ಒಂದು ಸಾಲಿದೆ. 'ಕಚೇರಿಗೆ ಫೋನ್ ಮಾಡಿದೆ' ಅಂತ. ನೀನೂ ಓದಿದೀಯ."

"ಓದಿದೀನಿ. ನಾಚಿಕೆಗೆ ಆಮೇಲೆ ಸೇರಿಸಿದ್ದು ಅಂತ ನೀವೇ ಹೇಳಿದ್ರಿ."

"ಹೇಳ್ದೆ." ವೆಂಡೆಲ್ ಲಾಟೀನನ್ನು ತುಸು ದೂರ ಸರಿಸಿದ. "ಅವನು ಮಾಡಿದ್ದ. ತುರ್ತು ನಂಬರಿಗಲ್ಲ, ಅದಕ್ಕೆ ಮಾಡಬೇಡ ಅಂದಿದ್ದೆನಲ್ಲ... ಗುಮಾಸ್ತರ ಮೇಜಿನ ಫೋನಿಗೆ ಮಾಡಿದ. ಅದರ ಮಾತು ರೆಕಾರ್ಡ್ ಆಗಲ್ಲ. ಲೋಕಲ್ ಕರೆ, ಬಿಲ್ಲಲ್ಲೂ ಬರಲ್ಲ. ಆ ಮೇಜಿನ ಹತ್ರ ನಿಂತಿದ್ದೋನು ನಾನು, ಎತ್ತಿದೋನು ನಾನು. 'ವೆಂಡೆಲ್, ಮಾರ್ನೀ...' ಅಂದ. 'ಇವತ್ತು ಬೇಡ ಲೊವೆಲ್, ಕೈ ಮುಗೀತೀನಿ' ಅಂತ ಹೇಳಿ ಇಟ್ಬಿಟ್ಟೆ. ಮತ್ತೆ ರಿಂಗಾಯ್ತು. ತಂತಿ ಕಿತ್ತೆ. ಹುಡುಗಿ ಕೊನೇ ಸಲ ಕರೆದದ್ದು ಒಂದೂ ಮೂವತ್ತೊಂಬತ್ತಕ್ಕೆ. ನೀರಿಗೆ ಬಿದ್ದೋರನ್ನ ಎತ್ತೋ ಇದೇ ಠಾಣೆಯ ದೋಣಿ ಸೇತುವೆ ಹತ್ರ ಸುಮ್ಮನೆ ನಿಂತಿತ್ತು. ಐದು ನಿಮಿಷದ ದಾರಿ. ನಲವತ್ತು ನಿಮಿಷ ಲೊವೆಲ್ದಾದ್ರೆ, ಆ ಒಂಬತ್ತು ನಿಮಿಷ ಯಾರದು?"

ರಸ್‌ನ ಕೈಯಿಂದ ತಟ್ಟೆ ಜಾರಿತು. ಆವತ್ತು ಆ ದೋಣಿಯಲ್ಲಿ ಆದೇಶಕ್ಕೆ ಕಾದು ಕೂತಿದ್ದವನು ಅವನೇ.

ಡಾರ್ಲಾ ಎದ್ದು ಬೆಳಕಿಗೆ ಬಂದಳು. ಮುದುಕನ ಎದುರು ನಿಂತಳು. ಅಪ್ಪ ಹಾಸಿಗೆ ಹಿಡಿದಾಗ, "ನಾನು ಫೋನ್ ಮಾಡಿದ್ದೆ ಮಗಳೇ, ನೀನಾದ್ರೂ ನಂಬು" ಎಂದು ಕೈ ಹಿಡಿದದ್ದು, ತಾನು "ಮಲ್ಕೋ ಅಪ್ಪ" ಎಂದು ಮೆಲ್ಲನೆ ಕೈ ಬಿಡಿಸಿಕೊಂಡದ್ದು ಅವಳಿಗೆ ನೆನಪಾಯಿತು.

"ನಾಲ್ಕು ವರ್ಷ ಬದುಕಿದ್ರು ಅಪ್ಪ. ಒಂದು ದಿನ ಬಂದು ಇದನ್ನ ಹೇಳೋಕಾಗ್ಲಿಲ್ವಾ ನಿಮಗೆ?"

"ಅವನೇ ಬಂದು ಕೇಳ್ದ. ಪೆಟ್ರೋಲ್ ಬಂಕಿನಲ್ಲಿ. 'ಊರಿಗೆ ಬೇಡ ವೆಂಡೆಲ್, ಡಾರ್ಲಾಗೊಬ್ಬಳಿಗೆ ಹೇಳು ಸಾಕು' ಅಂದ. ನಾನು 'ಯಾವ ಫೋನು ಲೊವೆಲ್?' ಅಂದೆ."

ಅವಳು ಅವನ ಕೆನ್ನೆಗೆ ಬಾರಿಸಿದಳು. ಯಾರೂ ತಡೆಯಲಿಲ್ಲ. ಮುದುಕ ಕೆನ್ನೆ ಸವರಿಕೊಳ್ಳಲೂ ಇಲ್ಲ.

"ಈಗ್ಯಾಕೆ ಹೇಳ್ತಿದೀರಿ? ಯಾರನ್ನ ಉದ್ಧಾರ ಮಾಡೋಕೆ?"

"ಹೇಳ್ತೀನಿ, ಕೂತ್ಕೋ. ಇಲ್ಲ, ನಿಂತೇ ಕೇಳು. ಮಾರ್ನೀನ ಮಣ್ಣು ಮಾಡಿದ ದಿನ ಪದ್ಧತಿ ಪ್ರಕಾರ ಕೊನೇ ಕರೆ ಕೊಟ್ಟೋನು ನಾನು. ಸತ್ತೋರ ನಂಬರನ್ನ ರೇಡಿಯೋದಲ್ಲಿ ಮೂರು ಸಲ ಕರೀಬೇಕು, ಉತ್ತರ ಬರಬಾರದು, 'ಕರ್ತವ್ಯ ಮುಗೀತು' ಅಂತ ಸಾರಬೇಕು. ಎರಡು ಸಲ ಕರೆದೆ. ಮೌನ. ಮೂರನೇ ಸಲ ಕರೆದಾಗ ಯಾರೋ ಬಟನ್ ಒತ್ತಿದ್ರು. ಮಾತಿಲ್ಲ, ಬರೀ ನೀರಿನ ಸದ್ದು. ನನ್ನ ಪರದೆ ಮೇಲೆ ಅವಳ ನಂಬರು. ಅವಳ ರೇಡಿಯೋ ಹೊಳೇಲಿ ಹೋಗಿತ್ತು, ಸಿಕ್ಕೇ ಇರ್ಲಿಲ್ಲ. ನಾನು ಅದನ್ನ ಪಟ್ಟಿಯಿಂದ ತೆಗೆದೂ ಆಗಿತ್ತು. ಯಾರಿಗೂ ಹೇಳ್ಲಿಲ್ಲ. ಅವಳ ಕರ್ತವ್ಯ ಮುಗೀತು ಅಂತ ಸಾರಿ ಮನೆಗೆ ಹೋದೆ.

"ರಿಟೈರಾದ ಮೇಲೆ ನಾನೇ ಒಂದು ಸ್ಕ್ಯಾನರ್ ತಂದೆ. ನೋಡು ಹೆಂಗಿದೆ! ಲೊವೆಲ್‌ನ ಗೇಲಿ ಮಾಡ್ದೋನು ಬಾಗಿಲು ಹಾಕ್ಕೊಂಡು ಕದ್ದು ಕೇಳೋ ಹಾಗಾಯ್ತು. ಹೊಳೆ ಏರಿದಾಗೆಲ್ಲ ಆ ನೇರ ಚಾನೆಲ್ಲಿನಲ್ಲಿ ಬರ್ತಾಳೆ. ಹಾಡಹಗಲೇ, ಹನ್ನೆರಡೂ ಐವತ್ತಕ್ಕೆ. 'ಯಾರಾದ್ರೂ ಇದೀರಾ?' ಅಂತಾಳೆ. ಮೊದಮೊದಲು ಅವಳೊಬ್ಬಳೇ. ಲೊವೆಲ್ ತೀರಿಕೊಂಡನಲ್ಲ, ಆ ಮುಂದಿನ ಮಾರ್ಚಿನಲ್ಲಿ... ಉತ್ತರ ಬಂತು."

ಎಲೋಯಿಸ್ ಶಿಲುಬೆಯ ಸರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"'ಇದೀನಿ ಮಾರ್ನೀ, ಕೇಳಿಸ್ತಿದೆ' ಅಂತ. ಅದೇ ದನಿ, ಅದೇ ಬಸ್ಸಿನ ಮಕ್ಕಳನ್ನ ಸುಧಾರಿಸೋ ದನಿ. ಬದುಕಿದ್ದಾಗ ಹೇಳೋಕಾಗದೇ ಇದ್ದದ್ದನ್ನ ಸತ್ತ ಮೇಲೆ ಹೇಳ್ತಿದಾನೆ. ನಂಗೆ ಕಣ್ಣಲ್ಲಿ ನೀರು ಬಂತು, ಸಮಾಧಾನವೂ ಆಯ್ತು ಅನ್ನು. ಆಮೇಲೆ ಅಂದ: 'ಹೆದರಬೇಡ, ವೆಂಡೆಲ್‌ಗೆ ಹೇಳಿದೀನಿ. ವೆಂಡೆಲ್ ಹೊರಟಿದಾನೆ.'

"ಅಲ್ಲಿಂದ ಪ್ರತೀ ಸಲ ಅವಳು ಕೇಳ್ತಾಳೆ, 'ಎಲ್ಲಿದಾನೆ ವೆಂಡೆಲ್?' ಪ್ರತೀ ಸಲ ಅವನು ಹೇಳ್ತಾನೆ. 'ಚರ್ಚು ದಾಟಿದ.' ಆ ವರ್ಷ ನಂಗೆ ಹೃದಯದ ಆಪರೇಷನ್ ಆಯ್ತು. 'ಗಿರಣಿ ದಾಟಿದ.' ಆ ವರ್ಷ ಹೆಂಡ್ತಿ ಹೋದ್ಲು. ಹೋದ ವರ್ಷ, 'ಸೇತುವೆ ಹತ್ರ ಬಂದ' ಅಂದ. ನಂಗೂ ಗೊತ್ತು, ನನ್ನ ಮನೆಗೆ ಇರೋ ಒಂದೇ ದಾರಿ ಆ ತಗ್ಗಿನ ಮೇಲೇನೇ."

ಮಳೆ ಸದ್ದು ತಗ್ಗಿತ್ತು. ಅಪಾಯ ಕಳೆಯಿತೆಂದು ಮೇಲಿನಿಂದ ಯಾರೋ ಕೂಗಿದರು. ಯಾರೂ ಏಳಲಿಲ್ಲ. ವೆಂಡೆಲ್ ಮಾತ್ರ ಎದ್ದು ಮಳೆಯಂಗಿ ತೊಟ್ಟುಕೊಂಡ, ಒಂದೊಂದೇ ಗುಂಡಿ ಹಾಕಿಕೊಂಡ.

ಇವತ್ತು ಇಲ್ಲೇ ಇರಿ ಎಂದು ಹೇಳಬಹುದಿತ್ತು. ಆ ಮಾತು ಡಾರ್ಲಾಳ ನಾಲಿಗೆ ತುದಿಗೆ ಬಂದಿತ್ತು ಕೂಡ. ಅವಳು ಅದನ್ನು ನುಂಗಿಕೊಂಡಳು.

"ನಿನ್ನೆಯಿಂದ ಹೊಳೆ ಏರಿದೆ" ಎಂದಳು. "ಇವತ್ತು ಇಲ್ಲಿಗೆ ಬರೋ ಮುಂಚೆ ಕೇಳಿದ್ರಾ?"

"ಕೇಳ್ದೆ."

"ಅಪ್ಪ ಏನಂದ್ರು?"

ವೆಂಡೆಲ್ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದ.

"'ಇನ್ನು ಕರೀಬೇಡ ಮಾರ್ನೀ' ಅಂದ ಕಣಮ್ಮ. 'ಕೈ ಚಾಚು.'"