ಬಳಗದ ಬಾಗಿಲು ಕಾಯ್ದ ಲುಂಬಿನಿ ಮೇಡಂ

ಎಲ್ಲರಿಗೂ ಜೈ ಭೀಮ್. ಶರಣು ಶರಣಾರ್ಥಿ. ಲುಂಬಿನಿ ಮೇಡಂ ಅವರ ತಾಯಿ ಶಿವಕಾಂತಮ್ಮನವರೆ, ಅವರ ತಮ್ಮ ಕಪಿಲ, ಮೇಡಂ ಪಾಠ ಮಾಡುತ್ತಿದ್ದ ಶಾಲೆಯ ಗುರುಗಳೆ, ನಮ್ಮ ‘ಕೈಗೆಟಕು ಬಳಗ’ದ ಅಣ್ಣ-ತಮ್ಮಂದಿರೆ, ಅಕ್ಕ-ತಂಗಿಯರೆ — ನಾನು ಸೇಡಂನ ಸಾಯಬಣ್ಣ. ಗಾಲಿ ಕುರ್ಚಿಯಲ್ಲಿ ಕುಳಿತೇ ಮಾತಾಡುತ್ತೇನೆ. ಹಿಂದಿನವರಿಗೆ ಕೇಳಿಸುತ್ತಿದೆಯಲ್ಲ?

ನನಗೆ ಅಳು ಬಂದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಸುದ್ದಿ ಬಂದಾಗಿನಿಂದ ಮೈಯೆಲ್ಲ ಜೋಮು ಹಿಡಿದ ಹಾಗಿದೆ. ಊಟ ಮಾಡುತ್ತೇನೆ, ಆಫೀಸಿಗೆ ಹೋಗುತ್ತೇನೆ, ಯಾರಾದರೂ ಮಾತಾಡಿಸಿದರೆ ಹ್ಞೂಂ ಅನ್ನುತ್ತೇನೆ. ಅಷ್ಟೇ. ಸಣ್ಣ ಜ್ವರ ಅಂತ ಮಲಗಿದವರು ಏಳಲಿಲ್ಲ ಅಂದರೆ — ಏನು ಅನಿಸಬೇಕೋ ಅದು ಅನಿಸುತ್ತಲೇ ಇಲ್ಲ.

ಬಳಗದ ಹೊರಗಿನವರಿಗೆ ಎರಡು ಮಾತು. ಇದು ಒಂದು ವಾಟ್ಸಾಪ್ ಗುಂಪು. ಕಣ್ಣು ಕಾಣದವರು, ಕಿವಿ ಕೇಳದವರು, ನನ್ನಂತೆ ಪೋಲಿಯೊದಲ್ಲಿ ಕಾಲು ಹೋದವರು — ಇಲ್ಲಿಂದ ಹಿಡಿದು ಚಿಂಚೋಳಿಯವರೆಗೆ ಇದ್ದೇವೆ. ಯಾವ ಬ್ಯಾಂಕಿಗೆ ಇಳಿಜಾರು ದಾರಿ ಇದೆ, ಯಾವ ಆ್ಯಪ್ ಓದಿ ಹೇಳುತ್ತದೆ, ಯಾವ ಆಫೀಸಿನ ಸಾಹೇಬರು ಮಹಡಿ ಇಳಿದು ಬಂದು ನಮ್ಮ ಸಹಿ ತಗೊಳ್ಳುತ್ತಾರೆ — ಇದೇ ನಮ್ಮ ಮಾತುಕತೆ. ಅದನ್ನು ನಡೆಸುತ್ತಿದ್ದವರು ಲುಂಬಿನಿ ಮೇಡಂ. ಅವರಿಗೂ ಕಣ್ಣಿರಲಿಲ್ಲ. ಫೋನು ಓದಿ ಹೇಳುತ್ತಿತ್ತು, ಅವರು ಕೇಳುತ್ತಿದ್ದರು.

ಹೀಗಾಗಿ ಅವರದೊಂದು ಕಾಯ್ದೆ. ಫೋಟೋ ಹಾಕಿದರೆ ಅದರಲ್ಲಿ ಏನಿದೆ ಅಂತ ಬರೆಯಲೇಬೇಕು. ನನ್ನನ್ನು ಎಷ್ಟು ಸಲ ಹಿಡಿದು ಬೈದಿದ್ದಾರೋ! “ಅಣ್ಣಾ, ಮುಂಜಾನೆ ಎದ್ದು ಫೋಟೋ ಒಗದೀರಿ. ನಮಗ ಬರೇ ‘ಚಿತ್ರ’ ಅಂತ ಕೇಳ್ತದ. ಹೂವೋ, ಹುಲಿಯೋ, ನಿಮ್ಮ ಮಾರಿಯೋ? ಬರೀರಲ್ಲ!”

ನಗಬಹುದು. ನಕ್ಕರೆ ಅವರಿಗೆ ಬೇಜಾರಾಗುವುದಿಲ್ಲ.

ಅವತ್ತು ಅವರದೇ ನಂಬರಿನಿಂದ ಗುಂಪಿಗೆ ಒಂದು ಫೋಟೋ ಬಂತು. ವಿವರ ಇಲ್ಲ. ಕಾಣದವರ ಫೋನೆಲ್ಲ ‘ಚಿತ್ರ’ ಅಂದಿತು, ಸುಮ್ಮನಾಯಿತು. ಚಿಂಚೋಳಿಯ ಚಂದ್ರಾಮಪ್ಪನವರು ದನಿ ಸಂದೇಶ ಹಾಕಿದರು: “ಏನ್ರಿ ಮೇಡಂ, ಕಾಯ್ದೆ ಮಾಡಾವ್ರೂ ನೀವ, ಮುರಿಯಾವ್ರೂ ನೀವ? ದಂಡ ಹಾಕ್ಬೇಕಾಗ್ತದ ನೋಡ್ರಿ!” ಅದರ ಬೆನ್ನಿಗೆ ಕಾಣದವರು ಒಬ್ಬೊಬ್ಬರೇ ಶುರು ಹಚ್ಚಿಕೊಂಡರು. ಸಿಕ್ಕಿಬಿದ್ರು ಮೇಡಂ, ಸಿಕ್ಕಿಬಿದ್ರು — ಅಂತ ನಗು.

ಫೋಟೋ ಹಾಕಿದ್ದು ಕಪಿಲ. ಅಕ್ಕನ ಫೋನಿನಿಂದ. ಏನು ಬರೆಯಬೇಕು ಅಂತ ಅವನಿಗೆ ಹೊಳೆದಿಲ್ಲ. ಕಪಿಲ, ನಿನ್ನದೇನೂ ತಪ್ಪಿಲ್ಲಪ್ಪ. ಚಂದ್ರಾಮಪ್ಪನವರೆ, ನಿಮ್ಮದೂ ಇಲ್ಲ. ಕಣ್ಣಿದ್ದವನು ನಾನು, ನೋಡಿದೆ. ಬರೆದೆ — ‘ಇದು ಲುಂಬಿನಿ ಮೇಡಂ ಅವರ ಫೋಟೋ. ಹಾರ ಹಾಕಿದ್ದಾರೆ. ಕೆಳಗೆ ಹುಟ್ಟಿದ ತಾರೀಖು ಇದೆ. ಪಕ್ಕದಲ್ಲಿ ಇನ್ನೊಂದು ತಾರೀಖು ಇದೆ.’

ನಕ್ಕವರು ಒಬ್ಬೊಬ್ಬರೇ ತಮ್ಮ ಸಂದೇಶ ಅಳಿಸಿದರು.

ಈಗ ಹೇಳಬೇಕಾದ್ದು ಹೇಳುತ್ತೇನೆ. ಪೂನಮ್ ನಿಮಗೆಲ್ಲ ಗೊತ್ತು, ಶಹಾಬಾದದ ಹುಡುಗಿ, ಕಲ್ಲು ಪಾಲಿಷ್ ಮಾಡುವ ಕಾರ್ಖಾನೆಯಲ್ಲಿ ಫೋನು ಎತ್ತುವ ಕೆಲಸ. ಕಣ್ಣಿಲ್ಲ. ಈ ಮಾತನ್ನು ಎಲ್ಲರ ಮುಂದೆ ಹೇಳು ಅಂತ ಆಕೆಯೇ ಅಂದಿದ್ದಾಳೆ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಬಳಗದಲ್ಲಿ ಒಬ್ಬರು ‘ಸರ್’ ಇದ್ದರು. ಅಂಗಾಂಗ ಎಲ್ಲ ನೆಟ್ಟಗಿದ್ದವರು. ಮನೆಮನೆಗೆ ಬಂದು ನಮಗೆ ಫೋನು ಬಳಸುವುದನ್ನು ಕಲಿಸಿದವರು, ಸುಳ್ಳು ಯಾಕೆ ಹೇಳಲಿ. ಆ ಸರ್ ಪೂನಮ್‌ಳ ನಂಬರಿಗೆ ಗುಟ್ಟಾಗಿ ದನಿ ಸಂದೇಶ ಕಳಿಸತೊಡಗಿದರು. “ನಿನ್ನ ಮಾರಿ ನೀ ನೋಡ್ಕೊಂಡಿಲ್ಲ. ನಾ ನೋಡೀನಿ. ಹೆಂಗದ, ಮೈ ಹೆಂಗದ, ವಿವರ ಹೇಳ್ಲೇನು?”

ನಮ್ಮ ಕಾಯ್ದೆಯ ಮಾತನ್ನೇ ಹಿಡಿದು ಹಾಗೆ ಹೇಳಿದ್ದರು.

ಪೂನಮ್ ಅದನ್ನು ಕೇಳಿಸಿದಾಗ ಮೇಡಂ ಮೊದಲು ಆ ಸರ್‌ಗೆ ಫೋನು ಹಚ್ಚಿದರು. ಯಾರನ್ನೇ ಆಗಲಿ, ಕೇಳದೆ ಗುಂಪಿನಿಂದ ತೆಗೆದವರಲ್ಲ. ಅವರು ನಕ್ಕರಂತೆ — “ಚಾಷ್ಟಿ ಮಾಡಿದ್ದೆ ಮೇಡಂ.” ಇವರು ಅಂದದ್ದು: “ಚಾಷ್ಟಿ ಅಂದ್ರ ಇಬ್ಬರೂ ನಗಬೇಕ್ರಿ ಸರ್. ಆಕಿ ನಕ್ಕಾಳೇನು?” ಅಂದೇ ತೆಗೆದರು. ಗುಂಪಿನಲ್ಲಿ ಗದ್ದಲವೋ ಗದ್ದಲ. ಕಲಿಸಿದ ಗುರುವಿಗೆ ಹಿಂಗ ಮಾಡೋದಾ? ಆ ಹುಡುಗಿ ಸುಮ್ಮನೆ ನಂಬರ್ ಬಂದ್ ಮಾಡಿದ್ದರೆ ಮುಗೀತಿತ್ತಲ್ಲ? ಅರ್ಧ ಗುಂಪು ಬಿಟ್ಟು ಹೋಯಿತು. ಪೂನಮ್‌ಳ ಅಪ್ಪ ಫೋನೇ ಕಸಿದುಕೊಂಡರು. ಮೇಡಂ ಶಹಾಬಾದಕ್ಕೆ ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತರು. “ತಪ್ಪು ಮಾಡಿದವನ ಕೈಯಾಗ ಫೋನ್ ಅದ, ಯಪ್ಪಾ. ನಿಮ್ಮ ಮಗಳ ಕೈಯಾಗಿಂದು ಯಾಕ ಕಸ್ಕೊಂಡೀರಿ?” ಫೋನು ವಾಪಸ್ ಕೊಡಿಸಿಯೇ ಎದ್ದರು.

ಹೋದವರು ಹೋಗಲಿ, ಪೂನಮ್ ಹೋದರೆ ಬಳಗ ಮುಗೀತು — ನನಗೆ ಅವರು ಹೇಳಿದ್ದು ಇದೇ. ಸರ್ ವಾಪಸ್ ಬರಬೇಕೆಂದರೆ ಪೂನಮ್ ಹ್ಞೂಂ ಅನ್ನಬೇಕು ಅಂತಲೂ ಹೇಳಿದ್ದರು.

ಮೇಡಂ ಮಣ್ಣಾದ ವಾರದಲ್ಲೇ ಆ ಸರ್ ನನಗೆ ಫೋನು ಮಾಡಿದರು. “ಹಳೇದೆಲ್ಲ ಅವರ ಜೊತೀಗೇ ಹೋಗ್ಲಿ ಸಾಯಬಣ್ಣ. ನನ್ನ ಸೇರಿಸ್ಕೊ.” ನಮ್ಮ ಹಿರಿಯರಾದ ಮಡಿವಾಳಯ್ಯನವರೂ, ಇನ್ನೂ ಕೆಲವರೂ, ಇವತ್ತಿನ ಸಭೆಯಲ್ಲೇ ಸೇರಿಸಿಕೊಳ್ಳೋಣ, ಸತ್ತವರಿಗೆ ಶಾಂತಿ ಸಿಗುತ್ತದೆ ಅಂದರು. ಅಡ್ಮಿನ್ ಈಗ ನಾನು. ಎಲ್ಲರನ್ನೂ ಕೇಳಿದ ಆ ಸರ್ ಪೂನಮ್‌ಳನ್ನು ಮಾತ್ರ ಕೇಳಿಲ್ಲ. ಹಿರಿಯರೆ, ಕ್ಷಮಿಸಿ. ಸೇರಿಸುವುದಿಲ್ಲ.

ಇನ್ನೊಂದಿದೆ — ಒಂದು ನಿಮಿಷ. ನಮ್ಮ ಬಳಗದವರು ಸಭೆಗೆ ಬಂದರೆ ಬಾಗಿಲಲ್ಲಿ ನಿಂತು ಹೆಸರು, ಊರು ಹೇಳಿ ಒಳಗೆ ಬರುತ್ತಾರೆ. ಯಾರ ಪಕ್ಕ ಕುಳಿತಿದ್ದೇವೆ ಅಂತ ಕಾಣದವರಿಗೆ ಗೊತ್ತಾಗಬೇಕಲ್ಲ. ಇವತ್ತೂ ಎಲ್ಲರೂ ಹೇಳಿದಿರಿ. ನಾನು ಮಾತು ಶುರು ಮಾಡಿದ ಮೇಲೆ ಒಬ್ಬರು ಬಂದರು. ಚಪ್ಪಲಿ ಕೈಯಲ್ಲಿ ಹಿಡಿದು ಬಂದು, ಹೆಸರು ಹೇಳದೆ ಕುಳಿತರು. ನನಗೆ ಕಾಣುತ್ತದೆ.

ಪೂನಮ್, ಕೇಳವ್ವ. ಆ ಸರ್ ಇಲ್ಲಿದ್ದಾರೆ. ನಿನ್ನ ಹಿಂದೆ, ಎರಡು ಸಾಲು ಬಿಟ್ಟು. ನಿನ್ನ ಎಡಕ್ಕೆ ಉಮಾದೇವಿಯಕ್ಕ ಇದ್ದಾರೆ, ಕೈ ಹಿಡಿದುಕೊ. ಹೊರಗೆ ಹೋಗಬೇಕು ಅನಿಸಿದರೆ ಹೇಳು, ಸಭೆ ನಿಲ್ಲಿಸುತ್ತೇನೆ.

ಏನಂದಿ? — ಜೋರಾಗಿ ಹೇಳು, ಹಿಂದಿನವರಿಗೂ ಕೇಳಿಸಲಿ.

ಕೇಳಿಸಿತಾ ಎಲ್ಲರಿಗೂ? “ನಾ ಯಾಕ ಹೋಗ್ಲಿ?” ಅಂದಳು.

ಸರ್. ಹೂವು ಹಾಕಲು ಬಂದವರಿಗೆ ಎದ್ದು ಹೋಗಿ ಅನ್ನುವುದಿಲ್ಲ. ಆದರೆ ಹೆಸರು ಹೇಳ್ರಿ. ನಾನು ಹೇಳುವುದಿಲ್ಲ, ನೀವೇ ಹೇಳ್ರಿ. ಮೈಕು ಬೇಡ, ಎಲ್ಲರೂ ಸುಮ್ಮನಿದ್ದೇವೆ.

…

ಕಾಣದವರಿಗಾಗಿ ಹೇಳುತ್ತೇನೆ. ಅವರು ಎದ್ದರು. ಚಪ್ಪಲಿ ತಗೊಂಡರು. ಈಗ ಕೇಳಿದ ಸದ್ದು ಬಾಗಿಲಿನದು. ಹೋದರು.

ಏಳಲು ಆಗುವವರು ಏಳ್ರಿ. ಆಗದವರು ನನ್ನಂತೆ ಕುಳಿತೇ ಇರಿ, ಕಿವಿ ಕೇಳದವರಿಗೆ ಪಕ್ಕದವರು ಕೈ ಮುಟ್ಟಿ ತಿಳಿಸಿರಿ. ಮುಗಿದಾಗ ನಾನು ಹೇಳುತ್ತೇನೆ. ಲುಂಬಿನಿ ಮೇಡಂ ಅವರಿಗಾಗಿ, ಮೌನ. ಪೂನಮ್, ಬೇಕಾದಷ್ಟು ಹೊತ್ತು ನಿಲ್ಲು — ಈಗ ಈ ಕೋಣೆಯಲ್ಲಿ ನಿನಗೆ ಹೆಸರು ಹೇಳದೆ ಕುಳಿತವರು ಯಾರೂ ಇಲ್ಲ.