ಗುಬ್ಬಿಯ ಕೊಳ

...ಬರೀ ಮಗಳ ಚೀಲ ತಗೊಂಡು ಹೋಗಿಬಿಡಬೇಡಿ ಅಕ್ಕಾ, ಒಂದೈದು ನಿಮಿಷ ಕೂತ್ಕೊಳ್ಳಿ. ನಿಮ್ಮ ಗುಬ್ಬಿ ಕೂರ್ತಿದ್ದ ಕಂಪ್ಯೂಟರ್ ಇದೇ. ಯಾಕೆ, ನಿಂತೇ ಇರ್ತೀರಾ? ಸರಿ... ನಿಮ್ಮಿಷ್ಟ.

ಹೊಲಿಗೆ ಅಂಗಡಿ ಮುಚ್ಚಿ ಬಂದಿದ್ದೀರಿ, ಗೊತ್ತು. ಅವಳು ಹೋಗಿ ತಿಂಗಳಾಯ್ತು. ನಾನೇ ಮನೆಗೆ ಬರಬೇಕಿತ್ತು. ಎರಡು ಸಲ ನಿಮ್ಮ ಬೀದಿ ತನಕ ಬಂದೆ... ವಾಪಸ್ ಹೋದೆ.

ನೋಡಿ, ಇದು ಅವಳ ಕೊಳ. ವಿಡಿಯೋ ಗೇಮೇ. ಜೀವವಿಕಾಸದ ಪಾಠ ಎಷ್ಟು ಹೇಳಿದ್ರೂ ಮಕ್ಕಳ ತಲೆಗೆ ಹತ್ತುತ್ತಿರಲಿಲ್ಲ, ಅದಕ್ಕೇ ಇದನ್ನ ತಂದೆ. ಒಬ್ಬೊಬ್ಬರಿಗೆ ಒಂದೊಂದು ಕೊಳ, ಮೂವತ್ತು ಮೀನು. ಹಿಡಿದು ತಿನ್ನೋ ದೊಡ್ಡ ಮೀನು ಬರುತ್ತೆ. ತಪ್ಪಿಸಿಕೊಂಡವು ಮರಿ ಹಾಕ್ತವೆ, ಮರಿಗಳು ಅವನ್ನೇ ಹೋಲ್ತವೆ. ಹಾಗೇ ತಲೆಮಾರು ಉರುಳುತ್ತೆ. ಒಂದೇ ವಾರಕ್ಕೆ ಹುಚ್ಚು ಹಿಡಿದಿತ್ತು ಮಕ್ಕಳಿಗೆ. ಊಟದ ಬೆಲ್ ಹೊಡೆದ್ರೂ ಏಳ್ತಿರಲಿಲ್ಲ.

ಗುಬ್ಬಿ ಕೊಳದಲ್ಲಿ ನಿಧಾನಕ್ಕೆ ಈಜೋ ಮೀನುಗಳೇ ಜಾಸ್ತಿ. ದೊಡ್ಡದು ಬಂತು ಅಂದ್ರೆ ಆಟಾನೇ ನಿಲ್ಲಿಸಿಬಿಡೋಳು. ‘ಪಾಪ ಟೀಚರ್, ಅವಕ್ಕೆ ಓಡೋಕಾಗಲ್ಲ’ ಅಂತ. ‘ಹಾಗೆ ನಿಲ್ಲಿಸಬಾರದು, ಓಡೋಕಾಗದ್ದು ಉಳಿಯಲ್ಲ, ಪಾಠ ಇರೋದೇ ಅಷ್ಟು’ ಅಂದೆ ನಾನು... ಎಲ್ಲರಿಗೂ ಹೇಳಿದ್ದು ಅಕ್ಕಾ. ಇಡೀ ತರಗತಿಗೆ.

ಯಾಕೆ ಹಾಗೆ ನೋಡ್ತೀರಿ?

ಆಮೇಲೆ ಹೃದಯದ ಆಪರೇಷನ್ ಬೇಡ ಅಂತ ಹಟ ಹಿಡಿದಳಂತೆ. ಎರಡು ತಿಂಗಳು. ಬಲವಂತ ಮಾಡೋಕೆ ನಿಮಗೂ ಮನಸ್ಸು ಬರಲಿಲ್ಲ... ಅವಳು ಒಪ್ಪೋ ಹೊತ್ತಿಗೆ ಡಾಕ್ಟರ ಕೈ ಮೀರಿತ್ತು. ಹೃದಯದಲ್ಲಿ ತೂತು ಅಂದ್ರೆ ದೊಡ್ಡವರೇ ನಡುಗ್ತಾರೆ, ನಾಲ್ಕು ಹೆಜ್ಜೆ ಓಡಿದ್ರೆ ಏದುಸಿರು ಬಿಡ್ತಿದ್ದ ಅವಳಿಗೆ ಬರೀ ಹನ್ನೆರಡು ವರ್ಷ. ಹೆದರಿಕೆಯಿಂದಲೇ ಬೇಡ ಅಂದಿರಬೇಕು, ಅಲ್ವಾ...

ಈಗ ದಿನಾ ನಾನೇ ಈ ಕೊಳ ತೆಗೀತೀನಿ. ಮುಂದಿನ ಹಂತದಲ್ಲಿ ನೀರು ಬತ್ತುತ್ತೆ, ತಿನ್ನೋಕೆ ಸಿಗಲ್ಲ. ಬಿರಬಿರನೆ ಓಡೋವೆಲ್ಲ ಹಸಿದು ಮೊದಲು ಸತ್ತವು. ನಿಧಾನದವು ಸಿಕ್ಕಿದಷ್ಟರಲ್ಲೇ ಬದುಕಿದವು. ಇನ್ನೂರಾಗಿವೆ ನೋಡಿ. ಯಾವುದು ಉಳಿಯುತ್ತೆ ಅನ್ನೋದು ಆಗಿನ ನೀರು ಹೇಗಿದೆ ಅನ್ನೋದರ ಮೇಲೆ. ಪಾಠದ ಈ ಅರ್ಧ ಅವಳಿಗೆ ಹೇಳಲೇ ಇಲ್ಲ ನಾನು. ಪರದೆ ಆರಿಸಿದ್ರೂ ಅವು ಕಣ್ಣೆದುರು ಈಜ್ತಾನೇ ಇರ್ತವೆ. ಅವಕ್ಕೇನೂ ಅವಸರ ಇಲ್ಲ...

ಪರದೆ ನೋಡಿ ಅಕ್ಕಾ. ನನ್ನನ್ನಲ್ಲ.

...ಹೇಳಿದ್ದಾಳೆ. ನಿಮ್ಮ ಹತ್ರ ಎಲ್ಲಾ ಹೇಳಿದ್ದಾಳೆ.

ಓಡೋಕಾಗದ್ದು ಉಳಿಯಲ್ಲ ಅಂದ ಆ ದಿನ ಕೈ ಎತ್ತಿ ಎದ್ದು ನಿಂತಳು. ‘ಹಾಗಾದ್ರೆ ನಾನೂ ಉಳಿಯಲ್ವಾ ಟೀಚರ್?’ ಅಂದಳು. ಹುಡುಗರೆಲ್ಲ ನಕ್ಕರು. ತಮಾಷೆಗೆ ಕೇಳ್ತಿದ್ದಾಳೆ ಅಂದ್ಕೊಂಡೆ... ಇಲ್ಲ. ಹಾಗಂದ್ಕೊಳ್ಳಲಿಲ್ಲ. ಅವಳ ಮುಖ ನೋಡಿದ್ದೆ.

ನಾನೂ ನಕ್ಕೆ ಅಕ್ಕಾ.